ಕ್ಷುತಮೀಮಾಂಸೆ

ವಿಷಯ

ವಿಜಯಪುರದಿಂದ ಪುಣೆಗೆ ಹೊರಟ ನಮ್ಮ ಬಸ್ಸು ಸೊಲ್ಲಾಪುರ, ಟೆಂಭುರ್ಣಿ ದಾಟಿ ಇಂದಾಪುರದಲ್ಲಿ ಚಹಾಕ್ಕೆ ನಿಂತಿತ್ತು. ಚಹಾ ಮುಗಿಯಿತು, ತಲೆ ಎಣಿಸಿದ್ದಾಯಿತು, ಕಂಡಕ್ಟರು 'ರೈಟ್' ಅಂದರು. ಅದೇ ಹೊತ್ತಿಗೆ ಹಿಂದಿನ ಸೀಟಿನಿಂದ ಒಂದು ಸೀನು. ಒಂದೇ ಒಂದು. ಡ್ರೈವರ್ ಸಾಹೇಬರ ಕೈ ಗೇರಿನ ಮೇಲೇ ನಿಂತಿತು.

ಮುಂದೆ ಕೂತಿದ್ದ ಮರಾಠಿ ಕಾಕಾ ತಿರುಗಿ "ಕೋಣ್ ಶಿಂಕ್ಲಂ?" ಎಂದು ಕೇಳಿದರು. ಮರಾಠಿಯಲ್ಲಿ ಹಾಗೆಂದರೆ 'ಯಾರು ಸೀನಿದ್ದು?' ಅಷ್ಟೆ. ಸೀನಿದ ಹುಡುಗ ಇಂಡಿ ಕಡೆಯವ. ಅವನಿಗೆ ಗೊತ್ತಿದ್ದ ಕೋಣ ಬೇರೆ. "ಯಾರಿಗ್ರೀ ಕೋಣ ಅನ್ನಾಕತ್ತೀರಿ?" ಎಂದು ಎದ್ದೇ ನಿಂತ. ನಾಲ್ಕು ಜನ ಸೇರಿ ಅರ್ಥ ಬಿಡಿಸಿ ಹೇಳಿ ಕೂರಿಸುವಷ್ಟರಲ್ಲಿ ಪಕ್ಕದ ಅಜ್ಜಿ ತೀರ್ಪು ಕೊಟ್ಟಾಗಿತ್ತು: "ಒಂಟಿ ಸೀನು ಆತು. ಒಂದ್ ಗಳಿಗಿ ತಡೀರೋ ಯಪ್ಪಾ."

ಗಳಿಗೆಯೆಂದರೆ ಪಂಚಾಂಗದ ಲೆಕ್ಕದಲ್ಲಿ 24 ನಿಮಿಷ. ಒಂದು ಶಾಸ್ತ್ರ ರಚಿಸಲು ಅಷ್ಟು ಧಾರಾಳ.

ಲಕ್ಷಣ

ಮೂಗಿಗೆ ಬಂದ ತಕರಾರು ನರದ ದಾರಿಯಲ್ಲಿ ಮಿದುಳಿನ ಬುಡ ತಲುಪಿ, ಅಲ್ಲಿಂದ ಎದೆ, ಗಂಟಲು, ಕಣ್ರೆಪ್ಪೆಗಳಿಗೆ ಒಟ್ಟಿಗೇ ಹೊರಡುವ ಆಜ್ಞೆಗೆ ಸೀನು ಎಂದು ಹೆಸರು. ಚರಕಸಂಹಿತೆ ಇದನ್ನು 'ಕ್ಷವಥು' ಎಂದು ಕರೆದು, ತಡೆಯಬಾರದ 13 ವೇಗಗಳ ಪಟ್ಟಿಯಲ್ಲಿ ಇರಿಸಿದೆ. ತಡೆದರೆ ಕುತ್ತಿಗೆ ಸೆಟೆಯುತ್ತದೆ, ತಲೆ ನೋಯುತ್ತದೆ, ಮುಖ ಸೊಟ್ಟಗಾಗುತ್ತದೆ. ಅಂದಮೇಲೆ, ಸೀನದಿದ್ದರೆ ತನಗೆ ಕೇಡು, ಸೀನಿದರೆ ಹೊರಟು ನಿಂತವರಿಗೆ ಕೇಡು. ಆಯುರ್ವೇದಕ್ಕೂ ಶಕುನಕ್ಕೂ ನಡುವೆ ಸಿಕ್ಕಿಬಿದ್ದ ಅವಯವ ಮೂಗು.

ಧರ್ಮಶಾಸ್ತ್ರದ ನಿಲುವೂ ಅಷ್ಟೇನೂ ಉದಾರವಲ್ಲ. ಮಲಗಿ ಎದ್ದ ಮೇಲೆ, ಸೀನಿದ ಮೇಲೆ, ಉಂಡ ಮೇಲೆ, ಉಗುಳಿದ ಮೇಲೆ, ಸುಳ್ಳಾಡಿದ ಮೇಲೆ ಆಚಮನ ಮಾಡಬೇಕೆಂದು ಮನುಸ್ಮೃತಿ ಒಂದೇ ಉಸಿರಿನಲ್ಲಿ ಹೇಳುತ್ತದೆ. ಸೀನೂ ಸುಳ್ಳೂ ಒಂದೇ ಸಾಲಿನಲ್ಲಿ! ಅದೇ ನಮ್ಮ ಮನೆಯ ಹಲ್ಲಿ ಮಾತಿನ ನಡುವೆ ಲೊಚಗುಟ್ಟಿದರೆ ಹಿರಿಯರು ನೆಲ ತಟ್ಟಿ 'ಸತ್ಯ' ಅನ್ನುತ್ತಾರೆ. ಮನುಷ್ಯನ ಮೂಗಿಗಿಲ್ಲದ ಸಾಕ್ಷಿಯ ಯೋಗ್ಯತೆ ಹಲ್ಲಿಯ ನಾಲಗೆಗಿದೆ.

ವಿಭಾಗ

ಸಂಖ್ಯೆಯಿಂದ ಸೀನು ಮೂರು ಬಗೆ. ಒಂಟಿ: ಇದು ತಡೆ. ಜೋಡಿ: ಇದು ರಹದಾರಿ. ಸರಣಿ: ಮೂರು ದಾಟಿದ ಮೇಲೆ ಶಕುನದ ಅಧಿಕಾರ ಮುಗಿದು ಶುಂಠಿ ಕಷಾಯದ ಅಧಿಕಾರ ಶುರುವಾಗುತ್ತದೆ.

ಕಾರಣದಿಂದ ಐದು ಬಗೆ. ಒಗ್ಗರಣೆಗೆ ಬಿದ್ದ ಒಣಮೆಣಸಿನಕಾಯಿಯದು ಘಾಟಿನ ಸೀನು. ಕಬ್ಬಿನ ಸೀಮೆಯಾದ ಇಂದಾಪುರದಲ್ಲಿ ಹೆಚ್ಚಾಗಿ ಸಿಗುವುದು ರವದಿಯ ಧೂಳಿನ ಸೀನು. ನೆರಳಿನಿಂದ ಹೊರಬಂದೊಡನೆ ಬರುವುದು ಬಿಸಿಲ ಸೀನು. ಇದು ಏಕೆಂದು ಅರಿಸ್ಟಾಟಲನ ಹೆಸರಿನ ಗ್ರಂಥವೊಂದು ಆಗಲೇ ತಲೆ ಕೆಡಿಸಿಕೊಂಡಿತ್ತು. ನಾಲ್ಕೈದು ಜನರಲ್ಲಿ ಒಬ್ಬರಿಗೆ ಇರುವ ಈ ಗುಣ ಹೆತ್ತವರಿಂದ ಮಕ್ಕಳಿಗೆ ಇಳಿಯುತ್ತದೆ. ಹೊಲಮನೆ ಬರದಿದ್ದರೂ ಇದು ಬರುತ್ತದೆ. ನಾಲ್ಕನೆಯದು ನಶ್ಯದ ಸೀನು, ದುಡ್ಡು ಕೊಟ್ಟು ತಂದದ್ದು. ಐದನೆಯದು ಸ್ವಯಂಭೂ. ಶಕುನಕ್ಕೆ ಇದೊಂದೇ ಲೆಕ್ಕ. ಉಳಿದ ನಾಲ್ಕೂ ಅಸಿಂಧು. ಈ ನಿಯಮವನ್ನು ಓದುಗರು ನೆನಪಿಡಬೇಕು, ಮುಂದೆ ಬೇಕಾಗುತ್ತದೆ.

ಕರ್ತೃವಿನಿಂದ ಮಾಡುವ ವಿಭಾಗವೇ ಎಲ್ಲಕ್ಕಿಂತ ಗಟ್ಟಿ. ಕೂಸು ಸೀನಿದರೆ 'ಚಿರಂಜೀವಿ', 'ನೂರು ವರ್ಷ'. ಸಾಹುಕಾರ ಸೀನಿದರೆ ಯಾರಾದರೂ ಎದ್ದು ಫ್ಯಾನು ಕಡಿಮೆ ಮಾಡುತ್ತಾರೆ. ಸೊಸೆ ಸೀನಿದರೆ 'ಈಗಲೇ ಸೀನಬೇಕಿತ್ತೇನು?' ಎದುರಿಗೆ ಬಂದರೇ ಅಪಶಕುನ ಅನ್ನಿಸಿಕೊಂಡಿದ್ದ ವಿಧವೆ, ಬಾಗಿಲ ಹಿಂದೆ ನಿಂತು ಸೆರಗನ್ನು ಮೂಗಿಗೆ ಒತ್ತಿಕೊಂಡು, ಚರಕ ಬೇಡವೆಂದದ್ದನ್ನೇ ಮಾಡುತ್ತಿದ್ದಳು. ಸದ್ದು ನಾಲ್ವರದೂ ಒಂದೇ, ದರ ಮಾತ್ರ ಬೇರೆ ಬೇರೆ. ಈ ಉಪವಿಭಾಗದಲ್ಲಿ ನಗುವಂಥದ್ದು ಕಡಿಮೆ.

ದೇಶದಿಂದ ನೋಡಿದರೆ ಫಲವೇ ತಿರುಗಿಬೀಳುತ್ತದೆ. ಕ್ರಿ.ಪೂ. 401ರಲ್ಲಿ ಪರ್ಷಿಯದ ನಡುಮಧ್ಯೆ ಸಿಕ್ಕಿಬಿದ್ದ ಗ್ರೀಕ್ ಪಡೆಗೆ ಕ್ಸೆನೊಫೋನ್ ಧೈರ್ಯ ಹೇಳುತ್ತಿದ್ದಾಗ ಒಬ್ಬ ಸಿಪಾಯಿ ಸೀನಿದ. ಪಡೆಗೆ ಪಡೆಯೇ ದೇವರಿಗೆ ತಲೆಬಾಗಿತು; ಅವರಿಗದು ಶುಭಶಕುನ. ಇಂದಾಪುರದ ನಮ್ಮ ಬಸ್ಸಿನಲ್ಲಾಗಿದ್ದರೆ ಅವರು ಊರು ಮುಟ್ಟುವುದು ಇನ್ನೂ ತಡವಾಗುತ್ತಿತ್ತು. ಮುಸ್ಲಿಮರಲ್ಲಿ ಸೀನಿದವನೇ ಮೊದಲು 'ಅಲ್ ಹಮ್ದುಲಿಲ್ಲಾ' ಎಂದು ದೇವರನ್ನು ಹೊಗಳುತ್ತಾನೆ. ಕೇಳಿದವರು ಅವನ ಮೇಲೆ ದೇವರ ಕರುಣೆ ಬೇಡುತ್ತಾರೆ. ತಪ್ಪು ಯಾರದೆಂಬ ವಿಚಾರಣೆಯೇ ಇಲ್ಲ.

ಪರಿಹಾರ

ಒಂಟಿ ಸೀನಾದರೆ ಕೂತು ಏಳಬೇಕು, ಒಂದು ಗುಟುಕು ನೀರು ಕುಡಿಯಬೇಕು, ದೇವರ ಹೆಸರು ಹೇಳಿ ಹೊರಡಬೇಕು. ಆಚಮನಕ್ಕೆ ನೀರಿಲ್ಲದಿದ್ದರೆ ಬಲಗಿವಿ ಮುಟ್ಟಿಕೊಂಡರೂ ಸಾಕೆಂದು ಸಂಪ್ರದಾಯಸ್ಥರು ಬಲ್ಲರು. ಇಷ್ಟು ಅಗ್ಗದ ಪರಿಹಾರ ಇನ್ಯಾವ ದೋಷಕ್ಕೂ ಇಲ್ಲ. ಶನಿಗೆ ಎಳ್ಳೆಣ್ಣೆ ಬೇಕು, ಸೀನಿಗೆ ಬಾಟಲಿ ನೀರು.

ಪೂರ್ವಪಕ್ಷ

ಪುಣೆಗೆ ಇಂಟರ್‌ವ್ಯೂಗೆ ಹೊರಟಿದ್ದ ತರುಣನೊಬ್ಬ ಗಡಿಯಾರ ನೋಡಿ ಆಕ್ಷೇಪವೆತ್ತಿದ. ದೇಹೂವಿನಿಂದ ಹೊರಡುವ ತುಕಾರಾಮರ ಪಾಲಖಿ ಇದೇ ಇಂದಾಪುರದ ಮೇಲೆ ಪಂಢರಪುರಕ್ಕೆ ಹೋಗುತ್ತದೆ. ಆಷಾಢದ ಮಳೆಯಲ್ಲಿ ನೆನೆದು ನಡೆಯುವ ಲಕ್ಷಾಂತರ ವಾರಕರಿಗಳಲ್ಲಿ ಯಾರೂ ಸೀನುವುದಿಲ್ಲವೇ? ಒಂದೊಂದು ಸೀನಿಗೂ ಪಾಲಖಿ ಇಳಿಸಿದರೆ ಏಕಾದಶಿಗೆ ವಿಠ್ಠಲನ ಮುಖ ಕಾಣುವುದು ಯಾವಾಗ? ಮೇಲಾಗಿ ಮಹಾರಾಷ್ಟ್ರ 2013ರಲ್ಲಿ, ಕರ್ನಾಟಕ 2017ರಲ್ಲಿ ಮೌಢ್ಯದ ವಿರುದ್ಧ ಕಾಯ್ದೆ ಮಾಡಿವೆಯಲ್ಲ?

ಕಾಯ್ದೆಯ ಮಾತು ನಿಲ್ಲುವುದಿಲ್ಲ. ಅದು ಹಿಡಿಯುವುದು ನರಬಲಿಯನ್ನು, ಮಾಟದ ಹೆಸರಿನ ಹಿಂಸೆಯನ್ನು. ಒಂದು ಗುಟುಕು ನೀರನ್ನಲ್ಲ. 2020ರಲ್ಲಂತೂ ಸೀನಿಗೆ ಇಡೀ ಜಗತ್ತೇ ಹೆದರಿ ಮನೆಯೊಳಗೆ ಕೂತಿತು. ಆಗ ನಮ್ಮಜ್ಜಿಯರಿಗಿಂತ ದೊಡ್ಡ ಶಕುನವಾದಿಗಳು ವಿಮಾನ ನಿಲ್ದಾಣದಲ್ಲಿ ಥರ್ಮಾಮೀಟರು ಹಿಡಿದು ನಿಂತಿದ್ದರು. ಪಾಲಖಿಯ ಮಾತಿಗೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ.

ಸಂಗತಿ

ಬುದ್ಧನ ಕಥೆಯೊಂದು ಇಲ್ಲಿ ಹೊಂದುತ್ತದೆ. ಉಪದೇಶದ ನಡುವೆ ಬುದ್ಧ ಸೀನಿದ. ಭಿಕ್ಷುಗಳೆಲ್ಲ 'ಬಾಳಿ' ಎಂದು ಗದ್ದಲವೆಬ್ಬಿಸಿದರು. ಹಾಗೆಂದ ಮಾತ್ರಕ್ಕೆ ಯಾರಾದರೂ ಬದುಕುತ್ತಾರೆಯೇ, ಸಾಯುತ್ತಾರೆಯೇ ಎಂದು ಕೇಳಿ ಆತ ಆ ರೂಢಿಯನ್ನೇ ನಿಲ್ಲಿಸಿದ. ಮುಂದೆ ಭಿಕ್ಷುಗಳು ಸೀನಿದಾಗ ಗೃಹಸ್ಥರು 'ಬಾಳಿ' ಎಂದು ಹರಸಿದರೆ ಇವರು ಮಾತೇ ಆಡಲಿಲ್ಲ, ಜನ ಗೊಣಗಿದರು. ಸುದ್ದಿ ಕೇಳಿದ ಬುದ್ಧ, ಗೃಹಸ್ಥರಿಗೆ ಮಂಗಳದ ಮಾತು ಬೇಕು, ನೀವೂ 'ಚಿರಂಜೀವಿಯಾಗು' ಅನ್ನಿ ಎಂದು ಅಪ್ಪಣೆ ಕೊಟ್ಟ. ನಂಬಿಕೆ ಸುಳ್ಳೆಂದು ಗೊತ್ತಿದ್ದೂ ಎದುರಿನವನ ಮನಸ್ಸು ಮುರಿಯದೆ ಉಳಿಸಿಕೊಂಡ ಬಗೆ ಅದು.

ಸಿದ್ಧಾಂತ

ನಾನು ಇಷ್ಟು ಬರೆದುಕೊಳ್ಳುವ ಹೊತ್ತಿಗೆ ಮೂರು ನಿಮಿಷವೂ ಆಗಿರಲಿಲ್ಲ. ಡ್ರೈವರ್ ಸಾಹೇಬರು ನೀರು ಕುಡಿದು, ಮುಖಕ್ಕೂ ಎರಡು ಬೊಗಸೆ ಎರಚಿಕೊಂಡು ಬಂದರು. ಬೆಳಗಿನಿಂದ ಅವರಿಗೆ ಅಷ್ಟು ಬಿಡುವೂ ಸಿಕ್ಕಿರಲಿಲ್ಲ. ಅಜ್ಜಿ ಮುಂದೆ ಬಾಗಿ ಕಾಕಾನ ಜೇಬಿನ ಡಬ್ಬಿಯತ್ತ ಬೆರಳು ತೋರಿಸಿದಳು. ಅದು ನಶ್ಯ, ಅವರ ಮಾತಿನಲ್ಲಿ 'ತಪಕೀರ್'. ಕಾಕಾ ನಗುತ್ತ ಒಂದು ಚಿಟಿಕೆಯನ್ನು ಇಂಡಿಯ ಹುಡುಗನ ಅಂಗೈಗೆ ಹಾಕಿದರು. ಸ್ವಲ್ಪ ಹೊತ್ತಿಗೆ ಮುಂಚೆ ಕೋಣನಾಗಿದ್ದವ ಅದನ್ನು ಮೂಗಿಗೇರಿಸಿ, ಬಸ್ಸು ಅದುರುವಂತೆ ಸೀನಿದ.

"ಜೋಡಿ ಆತು. ನಡೀರಿ," ಅಂದಳು ಅಜ್ಜಿ.

"ಆಯೀ, ನಶ್ಯದ ಸೀನು ಲೆಕ್ಕಕ್ಕಿಲ್ಲಲ್ಲ?" ನನ್ನ ಶಾಸ್ತ್ರದ ನಾಲ್ಕನೆಯ ಬಗೆಯನ್ನು ಕಾಪಾಡಿಕೊಳ್ಳಲು ಕೇಳಿದೆ.

ಆಕೆ ನನ್ನತ್ತ ತಿರುಗಿಯೂ ನೋಡಲಿಲ್ಲ. "ನಿನಗ ಪುಣೆಕ್ಕ ಹೋಗೂದೈತೋ, ಇಲ್ಲೋ?"

ಬಸ್ಸು ಹೊರಟಿತು.