ಮತ್ಸ್ಯೋಡ್ಡಯನ ಮೀಮಾಂಸೆ

1. ವಿಷಯ: ಮೀನು ಈಜತಕ್ಕದ್ದು, ಹಕ್ಕಿ ಹಾರತಕ್ಕದ್ದು ಎಂಬ ಲೋಕನಿಯಮವನ್ನು ಸುಮಾರು 70 ಜಾತಿಯ ಕಡಲಮೀನುಗಳು ಹಾಡಹಗಲೇ ಉಲ್ಲಂಘಿಸುತ್ತಿವೆ. ಎಕ್ಸೋಸೀಟಿಡೇ ಗೋತ್ರಜರಾದ ಈ ಹಾರುಮೀನುಗಳು ಬೆಚ್ಚನೆಯ ಸಮುದ್ರಗಳಲ್ಲಿ ನೀರಿನಿಂದ ಚಿಮ್ಮಿ, ಎದೆಯ ಈಜುರೆಕ್ಕೆಗಳನ್ನು ಬಿಡಿಸಿ, ಒಂದೇ ನೆಗೆತಕ್ಕೆ 50 ಮೀಟರಿನಷ್ಟು ದೂರ ತೇಲುತ್ತವೆ. 2008ರಲ್ಲಿ ಜಪಾನಿನ ಎನ್‌ಎಚ್‌ಕೆ ವಾಹಿನಿಯವರು ಚಿತ್ರೀಕರಿಸಿದ ಮೀನೊಂದು 45 ಸೆಕೆಂಡು ಗಾಳಿಯಲ್ಲೇ ಇತ್ತು. ಅಪರಾಧ ಸಾಬೀತಾಗಿದೆ, ಉದ್ದೇಶವಷ್ಟೇ ತನಿಖೆಯಲ್ಲಿದೆ.

2. ಸಂಶಯ: ಇದು ಮಹತ್ವಾಕಾಂಕ್ಷೆಯೋ, ಮಿತವ್ಯಯವೋ, ಪ್ರಾಣಭಯವೋ?

3. ಪೂರ್ವಪಕ್ಷ: ಊರ್ಧ್ವವಾದಿಗಳ ಪ್ರಕಾರ ಮೀನು ತಲೆಮಾರುಗಟ್ಟಲೆ ಆಕಾಶ ನೋಡಿ ಹಂಬಲಿಸಿತು, ಹಂಬಲವೇ ರೆಕ್ಕೆಯಾಯಿತು. ಬೀಳ್ಕೊಡುಗೆ ಸಭೆಗಳಿಗೆ ಇದು ಬಹಳ ಒಪ್ಪುವ ಮಾತು. ಆದರೆ ಹಂಬಲದಿಂದ ಅಂಗಾಂಗ ಚಿಗುರುವುದಾದರೆ ಈ ಲೇಖಕನ ತಲೆಯಲ್ಲಿ ಇಷ್ಟು ಹೊತ್ತಿಗೆ ಕೂದಲಿರಬೇಕಿತ್ತು.

ಮಿತವ್ಯಯವಾದಿಗಳು, ಗಾಳಿಯ ಸಾಂದ್ರತೆ ನೀರಿನ ಸುಮಾರು 800ನೇ ಒಂದು ಪಾಲು, ಆದ್ದರಿಂದ ಮೇಲಿನ ದಾರಿಯಲ್ಲಿ ಖರ್ಚು ಕಡಿಮೆ ಎಂದು ಲೆಕ್ಕ ಒಪ್ಪಿಸುತ್ತಾರೆ. ಆದರೆ ಮೈ ಪೂರ್ತಿ ಮೇಲೆದ್ದರೂ ಬಾಲದ ಉದ್ದನೆಯ ಕೆಳಭಾಗವನ್ನು ನೀರಲ್ಲೇ ಬಿಟ್ಟು, ಸೆಕೆಂಡಿಗೆ 50 ಬಾರಿ ಬಡಿದು ವೇಗ ಗಳಿಸುವ ಪ್ರಾಣಿಯನ್ನು ನೋಡಿದವರು ಅದನ್ನು ಜಿಪುಣ ಎನ್ನಲಾರರು.

4. ಸಿದ್ಧಾಂತ: ಪ್ರಾಣಭಯವೇ ಸರಿ. ಡೊರಾಡೊ, ಟ್ಯೂನಾದಂಥ ಬೇಟೆಗಾರ ಮೀನುಗಳು ಅಟ್ಟಿಸಿಕೊಂಡು ಬಂದಾಗ ನೀರಿನ ಮೇಲಕ್ಕೆ ನೆಗೆದವು ಉಳಿದವು, ಮೊಟ್ಟೆಯಿಟ್ಟವು. ನೆಗೆಯಲಾರದವು ತಮ್ಮ ಅಭಿಪ್ರಾಯ ದಾಖಲಿಸಲು ಉಳಿಯಲಿಲ್ಲ. ದಾಯಾದಿಗಳಾದ ಸೂಜಿಮೀನುಗಳು ಇಂದಿಗೂ ಬರೀ ನೆಗೆತದಲ್ಲೇ ಇವೆ. ಈಜುರೆಕ್ಕೆ ಕೊಂಚ ಅಗಲವಾಗಿದ್ದ ಮೀನು ಕೊಂಚ ದೂರ ಹೋಗಿ ಬಿತ್ತು. ಅದರ ಮಕ್ಕಳು ಇನ್ನೂ ಕೊಂಚ ದೂರ. ಹಾರುಮೀನುಗಳ ಪೈಕಿ ಎಕ್ಸೋಸೀಟಸ್ ಪಂಗಡ ಎರಡು ರೆಕ್ಕೆಗೇ ತೃಪ್ತಿಪಟ್ಟಿತು. ಚೀಲೊಪೋಗಾನ್ ಪಂಗಡ ಸೊಂಟದ ಜೋಡಿಯನ್ನೂ ಸೇರಿಸಿ ನಾಲ್ಕು ಮಾಡಿಕೊಂಡಿತು. 2010ರಲ್ಲಿ ದಕ್ಷಿಣ ಕೊರಿಯದ ವಿಜ್ಞಾನಿಗಳು ಸತ್ತ ಮೀನುಗಳನ್ನು ಗಾಳಿಸುರಂಗದಲ್ಲಿಟ್ಟು, ನೀರಿಗೆ ಹತ್ತಿರವಾಗಿ ಸಾಗಿದಷ್ಟೂ ಗಾಳಿಯ ಎಳೆತ ತಗ್ಗುತ್ತದೆಂದು ತೋರಿಸಿದರು. ಸತ್ತ ಮೇಲೂ ಡ್ಯೂಟಿ ಮಾಡಿದ ಆ ಮೀನುಗಳಿಗೆ ಈ ಲೇಖಕ ಋಣಿ.

5. ಆಕ್ಷೇಪ: ಇದೊಂದು ಕುಲಕ್ಕೆ ಒದಗಿದ ಆಕಸ್ಮಿಕ ಏಕಾಗಬಾರದು? ಆಗದು. ಚೀನಾದ ಗುಯಿಝೌ ಪ್ರಾಂತದ ಬಂಡೆಗಳಲ್ಲಿ ಸಿಕ್ಕು, 2012ರಲ್ಲಿ ನಾಮಕರಣವಾದ ಪೊಟಾನಿಕ್ತಿಸ್ ಎಂಬ ಮೀನು 23 ಕೋಟಿ ವರ್ಷಗಳಿಗೂ ಹಿಂದೆ ಇದೇ ನಾಲ್ಕು ರೆಕ್ಕೆ, ಇದೇ ಕೆಳಗಿಳಿದ ಬಾಲ ಹೊತ್ತು ಬದುಕಿತ್ತು. ಇಂದಿನ ಹಾರುಮೀನುಗಳಿಗೆ ಅದು ನೆಂಟನಲ್ಲ. ಅದರ ವಂಶವೇ ಅಳಿದಿದೆ. ಎಂದರೆ ಭಯವು ಒಂದೇ ಉಪಾಯವನ್ನು ಎರಡು ಸಲ ಕಂಡುಹಿಡಿದಿದೆ, ಪೇಟೆಂಟ್ ಗೊಡವೆಯಿಲ್ಲದೆ.

6. ಸಂಗತಿ: ಮೇಲೆ ಬಂದದ್ದರಿಂದ ಕಷ್ಟ ತೀರಿತೇ? ಅಲ್ಲಿ ಫ್ರಿಗೇಟ್ ಹಕ್ಕಿಗಳು ಕಾದಿರುತ್ತವೆ. ಬಾಣಲೆಯಿಂದ ಬೆಂಕಿಗೆ ಬೀಳುವುದಕ್ಕೆ ಇಷ್ಟೊಂದು ವಿಕಾಸ ಬೇಕಾಗಿತ್ತೇ ಎಂದು ಕೇಳಬೇಡಿ. ಬಾಣಲೆಯಲ್ಲಿ ಸಾಯುವವರಿಗಿಂತ ಬೆಂಕಿಯಲ್ಲಿ ಸಾಯುವವರು ಕಡಿಮೆಯಾದರೆ ವಿಕಾಸಕ್ಕೆ ಅಷ್ಟು ಸಾಕು.

7. ಫಲಶ್ರುತಿ: ಈ ಮೀಮಾಂಸೆಯನ್ನು ಶ್ರದ್ಧೆಯಿಂದ ಪಠಿಸಿದವರಿಗೆ ರೆಕ್ಕೆ ಮೂಡುವುದಿಲ್ಲ. ಅದಕ್ಕೆ ಬೆನ್ನ ಹಿಂದೆ ಸದಾ ಒಂದು ಡೊರಾಡೊ ಇರಬೇಕು. ನಿಮಗಿಂತ ಸ್ವಲ್ಪವೇ ನಿಧಾನವಾದ ಬಂಧುಗಳು ಲಕ್ಷಾಂತರ ವರ್ಷ ಅದಕ್ಕೆ ಊಟವಾಗುತ್ತಿರಬೇಕು.