ಬ್ಯಾಗಿನಲ್ಲಿರುವ ನಂಬರ್ ಪ್ಲೇಟಿನ ಬಗ್ಗೆ, ಸಕಲೇಶಪುರದಿಂದ

ಮಳೆಗಾಲದ ಶನಿವಾರಗಳಲ್ಲಿ ಬೆಂಗಳೂರಿನಿಂದ ಬೈಕು ಏರಿ ಬರುವ ತಮ್ಮಂದಿರೇ, ತಂಗಿಯರೇ,

ನನ್ನ ಗ್ಯಾರೇಜಿನ ಪಕ್ಕ ನೀವು ಟೀಗೆ ನಿಂತಾಗ ನನ್ನ ಕಣ್ಣು ಮೊದಲು ಹೋಗುವುದು ಬೈಕಿನ ಹಿಂಬದಿಗೆ. ಕೆಸರು ಮೆತ್ತಿದ ಮಡ್‌ಗಾರ್ಡ್, ಅದರಲ್ಲಿ ಎರಡು ಖಾಲಿ ತೂತು. ‘ಪ್ಲೇಟ್ ಎಲ್ಲಪ್ಪಾ?’ ಅಂದರೆ, ‘ಬ್ಯಾಗಲ್ಲಿದೆ ಅಣ್ಣ, ಹಾಕಿದ್ರೆ ನಿಲ್ಲಲ್ಲ’ ಅನ್ನುತ್ತೀರಿ.

ನಿಲ್ಲುವುದಿಲ್ಲ ಎನ್ನುವುದು ನಿಜ. 200 ಮಿಲಿಮೀಟರ್ ಉದ್ದ, 100 ಮಿಲಿಮೀಟರ್ ಎತ್ತರದ ತೆಳು ಅಲ್ಯೂಮಿನಿಯಂ ತಗಡು ಅದು. ಉದ್ದಕ್ಕೆ ಚಾಚಿದ ಮಡ್‌ಗಾರ್ಡಿನ ತುದಿಯಲ್ಲಿ ಎರಡೇ ಕಡೆ ಹಿಡಿದುಕೊಂಡು ದಿನವಿಡೀ ಅದುರುತ್ತದೆ. ಅಲ್ಯೂಮಿನಿಯಂ ಪ್ರತಿ ಅದುರನ್ನೂ ಲೆಕ್ಕ ಇಡುತ್ತದೆ. ತೂತಿನ ಅಂಚಿನಲ್ಲಿ ಕೂದಲೆಳೆಯ ಬಿರುಕು ಹುಟ್ಟಿ, ಒಂದು ದಿನ ಪ್ಲೇಟು ಕಾಫಿ ತೋಟದ ಚರಂಡಿ ಸೇರುತ್ತದೆ. ಟೈರಿನ ಕಾಟ ಬೇರೆ. ಹಳೆಯ ಹಿಮಾಲಯನ್ 411 ಬೈಕಿನ ಹಿಂದಿನ ಚಕ್ರ 180 ಮಿಲಿಮೀಟರ್ ಮೇಲೇಳುತ್ತದೆ. ಪ್ಲೇಟು ಕೆಳಗೆ ಜೋತಿದ್ದರೆ ಒಂದು ಗುಂಡಿಯಲ್ಲೇ ಟೈರು ಅದನ್ನು ಕಚ್ಚಿ ಎಳೆಯುತ್ತದೆ.

ಆದರೆ ಎಚ್‌ಎಸ್‌ಆರ್‌ಪಿಯ, ಅಂದರೆ ಈ ಹೈ ಸೆಕ್ಯುರಿಟಿ ಪ್ಲೇಟಿನ, ಸ್ನ್ಯಾಪ್ ಲಾಕನ್ನು ಮುರಿಯದೆ ಬಿಚ್ಚಲು ಬರುವುದಿಲ್ಲ. ನಿಮ್ಮ ಬ್ಯಾಗಿನ ಪ್ಲೇಟಿನ ಲಾಕು ಆಗಲೇ ಮುರಿದಿದೆ ಅಂತಾಯಿತು. ಅದಕ್ಕೇ ಹೇಳುವುದು, ಹೊಸ ಲಾಕು ಕೂರಿಸುವ ಮೊದಲೇ ಈ ಕೆಲಸ ಮಾಡಿಸಿ. ಪ್ಲೇಟಿಗಿಂತ ಒಂದಿಷ್ಟೇ ದೊಡ್ಡದಾದ, ಎರಡು ಮೂರು ಮಿಲಿಮೀಟರ್ ದಪ್ಪದ ತಗಡಿನ ಹಾಳೆಯೊಂದನ್ನು ಕತ್ತರಿಸಿ, ಮೂಲೆ ಉಜ್ಜಿ ಗುಂಡಗೆ ಮಾಡಿ. ಪ್ಲೇಟು ಆ ಹಾಳೆಗೆ ಲಾಕ್ ಆಗಲಿ. ಹಾಳೆಯನ್ನು ಮಡ್‌ಗಾರ್ಡಿಗೆ ಹಿಡಿಯುವುದು ನಾಲ್ಕು ಬೋಲ್ಟು, ನಡುವೆ ರಬ್ಬರ್ ಬುಷ್, ಅಗಲದ ವಾಷರ್, ನೈಲಾಕ್ ನಟ್. ರಬ್ಬರು ಅಪ್ಪಚ್ಚಿಯಾಗುವಷ್ಟು ಬಿಗಿಯಬೇಡಿ, ಅದುರು ಸಾಯಬೇಕಾದದ್ದು ಅಲ್ಲೇ. ಎಚ್‌ಎಸ್‌ಆರ್‌ಪಿಗೆ ಮಾತ್ರ ಹೊಸ ತೂತು ಕೊರೆಯಬೇಡಿ. ಆಮೇಲೆ ಇಬ್ಬರು ಸೀಟಿನ ಮೇಲೆ ಜೋರಾಗಿ ಕುಕ್ಕಿ ನೋಡಿ. ಆಗಲೂ ಟೈರಿಗೂ ಪ್ಲೇಟಿಗೂ ನಡುವೆ ನಾಲ್ಕು ಬೆರಳು ಜಾಗ ಉಳಿಯಬೇಕು. ಪ್ಲೇಟಿನ ದೀಪವನ್ನೂ ಮರೆಯಬೇಡಿ, ರಾತ್ರಿ 15 ಮೀಟರ್ ದೂರದಿಂದ ನಂಬರು ಓದಲು ಬರಬೇಕೆಂದು ನಿಯಮವೇ ಇದೆ.

ಇಷ್ಟೆಲ್ಲ ಯಾಕೆ ಹೇಳುತ್ತೇನೆಂದರೆ, ಹೋದ ವರ್ಷ ನಮ್ಮೂರಿನ ತೋಟದ ರಸ್ತೆಯಲ್ಲಿ ಕೆಲಸ ಮುಗಿಸಿ ಬರುತ್ತಿದ್ದ ಅಜ್ಜಿಯೊಬ್ಬರಿಗೆ ಬೈಕೊಂದು ತಗುಲಿತು. ಮೊಣಕೈ ಮುರಿಯಿತು. ಓಡಿಸಿದ ಹುಡುಗನಿಗೆ ಹೆಲ್ಮೆಟ್ಟಿನೊಳಗೆ ಗೊತ್ತೇ ಆಗಲಿಲ್ಲವೇನೋ, ನಿಲ್ಲಿಸಲಿಲ್ಲ. ‘ಬಿಳೀ ಬೈಕು’ ಎಂದಷ್ಟೇ ಅಜ್ಜಿ ಪೊಲೀಸರಿಗೆ ಹೇಳಿದರು. ಅಂದು ಇಲ್ಲಿಂದ ಹೋದ ಬಿಳೀ ಬೈಕುಗಳೆಷ್ಟೋ. ಆ ಹುಡುಗನೇ ಇಳಿಜಾರಿನಲ್ಲಿ ಜಾರಿ ಪ್ರಜ್ಞೆ ತಪ್ಪಿ ಬಿದ್ದಿದ್ದರೂ ಅಷ್ಟೇ, ಅವನ ಮನೆಗೆ ಸುದ್ದಿ ಮುಟ್ಟಿಸಲು ನಮಗೆ ನಂಬರು ಬೇಕಿತ್ತು.

ಮುಂದಿನ ಸಲ ಟೀ ಕುಡಿಯುವಾಗ ಪ್ಲೇಟನ್ನು ಬ್ಯಾಗಿನಿಂದ ತೆಗೆದು ನನ್ನ ಕೈಗೆ ಕೊಡಿ. ಹಾಳೆ, ರಬ್ಬರು ಎರಡೂ ಇಟ್ಟಿದ್ದೇನೆ. ಲಾಕು ಮಾತ್ರ ಊರಿಗೆ ಹೋದ ಮೇಲೆ ಡೀಲರ್ ಹತ್ತಿರವೇ ಹಾಕಿಸಿ. ಅಲ್ಲಿಯವರೆಗೆ ನಾಲ್ಕು ಅಂಚಿಗೂ ಪಟ್ಟಿ ಕೊಟ್ಟು ಭದ್ರವಾಗಿ ಹಿಡಿಸಿಕೊಡುತ್ತೇನೆ.

ಇಂತಿ,
ನಿಮ್ಮ ಗ್ಯಾರೇಜಿನ ಅಣ್ಣ