ನೂರೆಂಟರ ಹಿಂಬದಿಯಲ್ಲಿ ಕೂತವರ ಪರವಾಗಿ

ಕೆರೆಬಿಳಚಿ ಮತ್ತು ಸುತ್ತಲ ಹಳ್ಳಿಗಳ ಬಂಧುಗಳೇ,

ಅಡಿಕೆ ಮರದಿಂದ ಬಿದ್ದವನನ್ನು ನಾಲ್ಕು ಜನ ಕೈಕಾಲು ಹಿಡಿದೆತ್ತಿ, ಸಿಕ್ಕ ಗಾಡಿಯಲ್ಲಿ ಮಲಗಿಸಿ ಚನ್ನಗಿರಿಗೆ ಓಡಿಸುವುದು ನಮ್ಮ ಕಡೆ ಇನ್ನೂ ನಿಂತಿಲ್ಲ. ಎತ್ತುವವರದು ಅಕ್ಕರೆಯೇ. ಬೆನ್ನುಮೂಳೆ ಮುರಿದಿದ್ದರೆ ಅದೇ ಅಕ್ಕರೆ ಅವನ ಎರಡೂ ಕಾಲನ್ನು ಕಿತ್ತುಕೊಳ್ಳಬಹುದು. 108 ಆಂಬುಲೆನ್ಸ್‌ನಲ್ಲಿ ಬರುವ ಇಎಂಟಿ (ತುರ್ತು ವೈದ್ಯಕೀಯ ತಂತ್ರಜ್ಞರು) ಮೊದಲು ಕುತ್ತಿಗೆಗೆ ಕಾಲರ್ ಹಾಕಿ, ಮೈ ತಿರುಚದ ಹಾಗೆ ಹಲಗೆಯ ಮೇಲೆ ಸರಿಸುತ್ತಾರೆ. ಅಷ್ಟು ಹೊತ್ತೂ ಸುತ್ತ ನಿಂತ ನಾವು ಕೂಗುವುದೇನು? ‘ಏನ್ರಿ ತಡ ಮಾಡ್ತೀರಿ, ಹತ್ಸ್ರಿ ಬೇಗ!’ ಅವನ ಕಾಲು ಉಳಿಯುವ ಹೊತ್ತನ್ನೇ ನಾವು ತಡ ಎನ್ನುತ್ತೇವೆ.

2008ರ ನವೆಂಬರ್ 1ರಂದು ಈ 108 ಸೇವೆ ‘ಆರೋಗ್ಯ ಕವಚ’ ಎಂಬ ಹೆಸರಲ್ಲಿ ರಾಜ್ಯದಲ್ಲಿ ಶುರುವಾಯಿತು. ಇಷ್ಟು ವರ್ಷವಾದರೂ ನಾವು ಅದನ್ನು ಗಾಡಿಯೆಂದೇ ನೋಡುತ್ತೇವೆ. ಓಡಿಸುವ ಪೈಲಟ್ ಕಣ್ಣಿಗೆ ಬೀಳುತ್ತಾರೆ. ಹಿಂದೆ ಬಾಗಿಲು ಮುಚ್ಚಿಕೊಂಡ ಮೇಲೆ ನಡೆಯುವ ಕೆಲಸ ಯಾರಿಗೂ ಕಾಣುವುದಿಲ್ಲ. ಗುಂಡಿ ಬಿದ್ದ ರಸ್ತೆಯಲ್ಲಿ ಕುಲುಕುವ ವಾಹನದೊಳಗೆ ಹೆರಿಗೆಯಾದರೆ ಕೂಸನ್ನು ಒರೆಸಿ, ತಾಯಿಯ ಎದೆಗೆ ಒರಗಿಸಿ, ಬೆಚ್ಚಗೆ ಹೊದಿಸಬೇಕು. ಬಾಣಂತಿಯ ರಕ್ತಸ್ರಾವ ಹೆಚ್ಚಾದರೆ ಗರ್ಭಕೋಶ ಗಟ್ಟಿಯಾಗುವವರೆಗೆ ಹೊಟ್ಟೆ ನೀವುತ್ತ, ನಾಡಿ ನೋಡುತ್ತ, 108ರ ಕರೆ ಕೇಂದ್ರದ ವೈದ್ಯರಿಗೆ ಫೋನಿನಲ್ಲಿ ವರದಿ ಒಪ್ಪಿಸುತ್ತ ಸಾಗಬೇಕು. ಇವನ್ನೆಲ್ಲ ಮಾಡುವುದು ಆ ಇಎಂಟಿ ಒಬ್ಬರೇ. ಆಸ್ಪತ್ರೆ ಮುಟ್ಟುವ ಮೊದಲೇ ಚಿಕಿತ್ಸೆ ಶುರುವಾಗಿರುತ್ತದೆ, ಅದನ್ನು ಶುರು ಮಾಡಿದವರ ಹೆಸರನ್ನು ನಾವು ಕೇಳಿಯೂ ಇರುವುದಿಲ್ಲ.

ಕರೆ ಮಾಡಿದಾಗ ಜಿಲ್ಲೆ, ತಾಲ್ಲೂಕು, ಊರು, ಗುರುತು ಎಂದು ಕೇಳಿದರೆ ಸಿಟ್ಟಾಗಬೇಡಿ. ಉತ್ತರಿಸುವವರು ನಮ್ಮೂರು ಕಂಡವರಲ್ಲ. ‘ಸೂಳೆಕೆರೆ ಹತ್ರ’ ಎಂದರೆ ಯಾವ ದಡ? ಒಂದರಂತೆ ಇನ್ನೊಂದಿರುವ ತೋಟಗಳ ನಡುವೆ ರಾತ್ರಿ ಒಂದು ಮನೆ ಹುಡುಕುವುದು ಎಷ್ಟು ಕಷ್ಟವೆಂದು ತೋಟದವರಿಗೇ ಗೊತ್ತು. ಒಬ್ಬರು ಟಾರ್ಚ್ ಹಿಡಿದು ರಸ್ತೆಗೆ ಬಂದು ನಿಂತರೆ ಸಾಕು.

ಆಂಬುಲೆನ್ಸ್‌ಗೆ ದಾರಿ ಬಿಡದವರಿಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಿಂದ 10,000 ರೂಪಾಯಿ ದಂಡವಿದೆ, 6 ತಿಂಗಳವರೆಗೆ ಜೈಲೂ ಇದೆ. ಜಾತ್ರೆ, ಮೆರವಣಿಗೆಗಳ ದಿನ ಈ ಕಾನೂನನ್ನು ಜ್ಞಾಪಿಸಬೇಕಾದವರು ಹೊರಗಿನವರಲ್ಲ, ನಾವೇ.

ಇನ್ನು ಸರ್ಕಾರಕ್ಕೆ. ಬಾಕಿ ಸಂಬಳಕ್ಕಾಗಿ 108 ಸಿಬ್ಬಂದಿ ಮುಷ್ಕರದ ಎಚ್ಚರಿಕೆ ಕೊಟ್ಟ ಸುದ್ದಿಯನ್ನು ನಾವು ಒಂದಲ್ಲ, ಹಲವು ಸಲ ಓದಿದ್ದೇವೆ. ಕೊರೊನಾ ಕಾಲದಲ್ಲಿ ಮನೆಯವರೇ ಮುಟ್ಟಲು ಹೆದರಿದ ರೋಗಿಗಳನ್ನು ಎತ್ತಿಕೊಂಡು ಹೋದವರು ಇವರು. ಅವರ ಮೇಲೆ ಹೂವು ಸುರಿದೆವು, ಚಪ್ಪಾಳೆ ತಟ್ಟಿದೆವು. 12 ಗಂಟೆಯ ಪಾಳಿ ಮುಗಿಸಿ ಮನೆಗೆ ಹೋದವರು ಮಕ್ಕಳ ಶಾಲೆಯ ಶುಲ್ಕಕ್ಕೆ ಸಾಲ ಹುಡುಕುವಂತಾದರೆ ಆ ಚಪ್ಪಾಳೆಗೆ ಯಾವ ಬೆಲೆ? ನಿಮಿಷ ಲೆಕ್ಕ ಹಾಕಿ ಜೀವ ಉಳಿಸುವವರಿಗೆ ತಿಂಗಳ ಸಂಬಳ ತಿಂಗಳಿಗೆ ಸಿಗಲೇಬೇಕು. ಗುತ್ತಿಗೆ ಯಾರದೇ ಇರಲಿ, ಹೊಣೆ ಆರೋಗ್ಯ ಇಲಾಖೆಯದು.

ಪಂಚಾಯಿತಿ ಸದಸ್ಯರೇ, ನಿಮ್ಮಿಂದ ಆಗುವ ಎರಡು ಕೆಲಸಗಳಿವೆ. ತೋಟದ ದಾರಿಗಳು ಮುಖ್ಯರಸ್ತೆಗೆ ಸೇರುವಲ್ಲೆಲ್ಲ ಸಂಖ್ಯೆ ಬರೆದ ಫಲಕ ನೆಡಿಸಿ. ಆಂಬುಲೆನ್ಸ್ ನಿಲ್ಲುವ ಕಡೆ ಸಿಬ್ಬಂದಿಗೆ ಬೀಗವಿರುವ ಒಂದು ಕೋಣೆ, ನೀರು ಬರುವ ಒಂದು ಶೌಚಾಲಯ ಒದಗಿಸಿ. ರಾತ್ರಿ ಪಾಳಿಯಲ್ಲಿ ಹೆಣ್ಣುಮಕ್ಕಳೂ ಇರುತ್ತಾರೆ. ಮುಂದಿನ ಗ್ರಾಮಸಭೆಯಲ್ಲಿ ಎರಡನ್ನೂ ಚರ್ಚೆಗೆ ತನ್ನಿ. ಕೈ ಎತ್ತಲು ನಾವು ಬರುತ್ತೇವೆ.

ಇಂತಿ,
ನಿಮ್ಮೂರಿನವನೇ ಒಬ್ಬ